ಬಿಸಿ ತಿಳಿಯದ ಬೆರಳು

ಮಂಗಳವಾರ, ಹದಿನಾಲ್ಕು.

ಕಾರ್ಖಾನೆಯವರು ಕೊಡುತ್ತೇವೆ ಎಂದದ್ದು: ಚಾಕೊಲೇಟ್ ಕರಗಿಸುವ ತೊಟ್ಟಿಗೆ ಮುಚ್ಚಳ, ಎಲ್ಲರಿಗೂ ಕೈಗವಸು, ಸುಟ್ಟ ಕೈ ವಾಸಿಯಾಗುವವರೆಗೆ ತಂಗಿಗೆ ಪ್ಯಾಕಿಂಗ್ ಕೆಲಸ. ಕೊಟ್ಟದ್ದು: ‘ಕೈ ಸರಿಯಾಗಿದೆ’ ಎಂದು ಕಾರ್ಖಾನೆಯ ಡಾಕ್ಟರ್ ಬರೆದ ಒಂದು ಚೀಟಿ. ಸೋಮವಾರದಿಂದ ಅವಳು ಮತ್ತೆ ಅದೇ ತೊಟ್ಟಿಯ ಮುಂದೆ ನಿಲ್ಲಬೇಕಂತೆ.

ಸಂಜೆ ಅವಳ ಮಗಳ ಹುಟ್ಟುಹಬ್ಬದ ಕೇಕಿಗೆಂದು ಮನೆಯಲ್ಲೇ ಚಾಕೊಲೇಟ್ ಕರಗಿಸಿದೆವು. ಕುದಿಯುವ ನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ನಾನು ತಿರುಗಿಸುತ್ತಿದ್ದೆ.

“ಅಕ್ಕಾ, ಇದೇನು ನಿನ್ನ ಭಾಷಣ ಅಂದ್ಕೊಂಡ್ಯಾ? ನಿಧಾನಕ್ಕೆ ತಿರುಗ್ಸು. ಒಂದು ಹನಿ ನೀರು ಬಿದ್ರೂ ಗಂಟು ಕಟ್ಟುತ್ತೆ,” ಎಂದು ಗದರಿದಳು.

ಹನ್ನೊಂದು ವರ್ಷದ ಅಭ್ಯಾಸ. ಹದ ನೋಡಲು ಸುಟ್ಟಿದ್ದ ಕೈಯ ಬೆರಳನ್ನೇ ಅದ್ದಿದಳು, ಹಾಗೇ ಇಟ್ಟುಕೊಂಡಳು.

“ಉಗುರುಬೆಚ್ಚಗಿದೆ ಅಷ್ಟೇ. ಇನ್ನೂ ಸ್ವಲ್ಪ ಕಾಯ್ಲಿ.”

ನಾನೂ ಮುಟ್ಟಿದೆ. ಚೀರಿ ಕೈ ಎಳೆದುಕೊಂಡೆ. ಅವಳು ನನ್ನ ಮುಖ ನೋಡಿ, ಆಮೇಲೆ ತನ್ನ ಬೆರಳನ್ನು ನೋಡಿಕೊಂಡಳು. ಅದು ಕೆಂಪಗೆ ಊದುತ್ತಿತ್ತು.

“ನಂಗೇನೂ ಗೊತ್ತಾಗ್ಲೇ ಇಲ್ವಲ್ಲೇ,” ಎಂದಳು.

ಆ ಡಾಕ್ಟರ್ ಅವಳ ಕೈಯನ್ನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ನಾನು? ಮೂರು ವಾರದಿಂದ ಕಾರ್ಖಾನೆಯ ಗೇಟಿನ ಮುಂದೆ ಸಭೆ ಸೇರಿಸಿ ಇದೇ ಕೈಯ ಹೆಸರಲ್ಲಿ ಗಂಟಲು ಹರಿದುಕೊಂಡಿದ್ದೇನೆ. ನಾನೂ ಮುಟ್ಟಿ ನೋಡಿರಲಿಲ್ಲ. ಬೆಳಗ್ಗೆ ಅವಳನ್ನು ಬೇರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು.

ಸಭೆ ಎಂದರೆ ಬಾಗಿಲ ಹಿಂದೆ ನಿಲ್ಲುತ್ತಿದ್ದವಳು ಮಲಗುವ ಮುಂಚೆ ಬಂದು, “ಈ ಸಲ ನೀನು ಸುಮ್ನಿರು, ನಾನೇ ಹೇಳ್ತೀನಿ. ಮುಂದಿನ ಸಭೆ ಯಾವತ್ತು?” ಎಂದು ಕೇಳಿದಳು.

ಗುರುವಾರ, ಸಂಜೆ ಆರೂವರೆಗೆ.