ಟೋಪಿಯಲ್ಲಿ ಬಂದ ಪಕ್ಷ

ಕಾಟನ್‌ವುಡ್ ಬೆಂಡ್, ಮಿಸ್ಸೂರಿ
ಸೋಮವಾರ ಬೆಳಿಗ್ಗೆ, ೧೭ ಮಾರ್ಚ್ ೧೯೫೨

ನನ್ನ ಮುದ್ದು ರಾಯ್ಸ್,

ಹೇಗಿದ್ದೀಯೋ ಕಂದಾ? ಕೊರಿಯಾದ ಚಳಿ ಇಳಿಯಿತೇ? ಕೆಮ್ಮು ಹೋಯಿತೇ? ಕ್ರಿಸ್‌ಮಸ್‌ಗೆ ಮುಂಚೆ ನೀನು ಬರೆದ ಕಾಗದದಲ್ಲಿ ಸ್ವಲ್ಪ ಕೆಮ್ಮು ಇದೆ ಎಂದಿದ್ದೆ. ಆಮೇಲೆ ನಿನ್ನಿಂದ ಒಂದು ಸಾಲೂ ಇಲ್ಲ. ಅಲ್ಲಿ ನಿನಗೆ ಅದು ಎಂದೋ ವಾಸಿಯಾಗಿರಬಹುದು, ನಮ್ಮ ಮನೆಯಲ್ಲಿ ಮಾತ್ರ ಇನ್ನೂ ವಾಸಿಯಾಗಿಲ್ಲ. ನಿನ್ನಮ್ಮ ದಿನವೂ ಅಂಚೆಡಬ್ಬಿಯ ತನಕ ನಡೆದು ಹೋಗಿ ಬರಿಗೈಯಲ್ಲಿ ಬರುತ್ತಾಳೆ. ಬಂದವಳು ಯಾರ ಮುಖವನ್ನೂ ನೋಡದೆ ಒಲೆಯ ಮುಂದೆ ನಿಂತು ಇಲ್ಲದ ಕೆಲಸ ಹುಡುಕುತ್ತಾಳೆ. ದೊಡ್ಡ ಗುಡ್ಡ ಹತ್ತುವಾಗ ಅಂಚೆ ಲಾರಿ ಕೆಟ್ಟಿರಬೇಕು, ಹಡಗು ತಡವಾಗಿರಬೇಕು ಎಂದು ನಾನು ದಿನಕ್ಕೊಂದು ಕಾರಣ ಹೇಳುತ್ತೇನೆ. ನನ್ನ ಬಳಿ ಇನ್ನು ಹೆಚ್ಚು ಕಾರಣಗಳು ಉಳಿದಿಲ್ಲ, ಬೇಗ ಬರೆ. ನಾನು ಚೆನ್ನಾಗಿದ್ದೇನೆ. ನನ್ನ ಮಂಡಿನೋವು ನನಗಿಂತ ಚೆನ್ನಾಗಿದೆ.

ಊರಿನ ಸುದ್ದಿ ಎಂದರೆ ಶನಿವಾರ ಶಾಲೆಯಲ್ಲಿ ಮನೆಮನೆಯ ಹಣ್ಣಿನ ಪೈಗಳನ್ನು ಹರಾಜು ಹಾಕಿ ನಡೆಸಿದ ಪೈ ಊಟ ಮತ್ತು ಅದರ ಚರ್ಚೆ. ನೀನು ಎಂಟನೆಯ ತರಗತಿಯಲ್ಲಿದ್ದಾಗ ಹಸುವಿಗಿಂತ ಕುದುರೆಯೇ ಮೇಲು ಎಂದು ವಾದಿಸುವ ಚೀಟಿ ನಿನಗೆ ಬಂದಿತ್ತಲ್ಲ? ಕುದುರೆ ಕಂಡರೆ ಅಜ್ಜಿಯ ಲಂಗದ ಮರೆ ಹುಡುಕುತ್ತಿದ್ದ ನೀನು ಅದರ ಗುಣಗಾನ ಮಾಡಿದ್ದು ಕೇಳಿ ಜನ ಬಿದ್ದು ಬಿದ್ದು ನಕ್ಕಿದ್ದರು. ಈಗಲೂ ಅದೇ ನಿಯಮಗಳು. ಟೋಪಿಯೊಳಗೆ ಕೈ ಹಾಕಿ ಚೀಟಿ ಎತ್ತಬೇಕು, ಬಂದ ಪಕ್ಷವನ್ನು ಬಿಡುವಂತಿಲ್ಲ, ಬದಲಾಯಿಸುವಂತಿಲ್ಲ. ಕೇಳುತ್ತಾ ಕೂತವರು ಮಧ್ಯೆ ಬಾಯಿ ಹಾಕಿದರೆ, ಅವರ ಮಾತು ಯಾವ ಕಡೆಗೆ ವಾಲಿತೋ ಆ ಕಡೆಯ ಬೆಂಚಿಗೆ ಎದ್ದು ಹೋಗಿ ಕೂರಬೇಕು. ಸೋತವರು ಇಡೀ ಊರಿನ ತಟ್ಟೆ ತೊಳೆಯಬೇಕು. ಈ ಸಲದ ವಿಷಯವನ್ನು ಆರಿಸಿದ್ದು ಮಿಸ್ ಬ್ಯಾಸ್ಕಮ್. ಮೇಷ್ಟರಗಿರಿಯಲ್ಲಿ ಕೂದಲು ನರೆತರೂ ಆಕೆಗೆ ಎಲ್ಲಿ ಕೈ ಇಟ್ಟರೆ ಸುಡುತ್ತದೆ ಎಂಬುದು ಇನ್ನೂ ತಿಳಿದಿಲ್ಲ. ಐವತ್ತು ವರ್ಷದ ಮೇಲೆ ಇತಿಹಾಸ ಅಧ್ಯಕ್ಷ ಹ್ಯಾರಿ ಟ್ರೂಮನ್‌ರನ್ನು ಮೆಚ್ಚುತ್ತದೆಯೋ ಇಲ್ಲವೋ, ಅದೇ ವಿಷಯ. ಮೆಚ್ಚುತ್ತದೆ ಎನ್ನುವ ಚೀಟಿ ಯಾರ ಕೈಗೆ ಬಂತು ಹೇಳು? ನಿನ್ನ ತಂಗಿ ನಡೀನ್ ಕೈಗೆ.

ನಿನ್ನಪ್ಪನ ಬಾಯಿ ನಿನಗೆ ಗೊತ್ತು. ನೀನು ಹೋದಾಗಿನಿಂದ ಅವನು ಕಾಫಿಗೆ ಸಕ್ಕರೆ ಹಾಕದಿದ್ದರೂ ಹ್ಯಾರಿಗೆ ಬೈಗುಳ ಹಾಕದೆ ಕುಡಿದವನಲ್ಲ. "ಟೋಪಿ ಅಂಗಡಿ ಇಟ್ಟು ಬಾಗಿಲು ಮುಚ್ಚಿದೋನು, ಈಗ ದೇಶಕ್ಕೇ ಟೋಪಿ ಹಾಕ್ತಾವ್ನೆ" ಎನ್ನುವುದು ಅವನ ಬೆಳಗಿನ ಪ್ರಾರ್ಥನೆ. ಪಕ್ಕದ ಕೌಂಟಿಯವನು, ನಮ್ಮ ಹಾಗೆಯೇ ಹೇಸರಗತ್ತೆಯ ಹಿಂದೆ ನೇಗಿಲು ಹಿಡಿದು ನಡೆದವನು ಎಂದು ಇದೇ ನಿನ್ನಪ್ಪ ಆರ್ವಿಲ್ ನಾಲ್ಕು ವರ್ಷದ ಹಿಂದೆ ಮಳೆಯಲ್ಲಿ ನೆನೆದುಕೊಂಡು ಹೋಗಿ ವೋಟು ಹಾಕಿ ಬಂದಿದ್ದ. ಅದನ್ನು ಈಗ ನೆನಪಿಸುವ ಧೈರ್ಯ ಹೆತ್ತ ತಾಯಿಯಾದ ನನಗೂ ಇಲ್ಲ. ಚೀಟಿಯ ಸುದ್ದಿ ಕೇಳಿದವನೇ ಮೇಜು ಗುದ್ದಿದ. "ನನ್ನ ಮನೆ ಅನ್ನ ತಿಂದು ಆ ಮನುಷ್ಯನ ಪರ ಮಾತಾಡ್ತೀಯೇನೇ? ನಿನ್ನ ಅಣ್ಣನ್ನ ಆ ಯುದ್ಧಕ್ಕೆ ಕಳಿಸಿದ್ದು ಯಾರು ಅಂತ ಮರೆತೋಯ್ತಾ?" ಎಂದ. ಅವಳು ಮೆಲ್ಲಗೆ, "ಟೋಪೀಲಿ ಬಂದಿದ್ದು ಬಂದಿದ್ದೇ ಅಪ್ಪಾ. ನಾನೇನು ಕೇಳ್ಕೊಂಡು ಎತ್ತಿದ್ನಾ?" ಎಂದಳು. ಅಂದಿನಿಂದ ಶನಿವಾರದ ತನಕ ಅಪ್ಪ ಮಗಳಿಗೆ ಮಾತಿಲ್ಲ. ಉಪ್ಪು ಬೇಕಾದರೂ ನನ್ನ ಮೂಲಕವೇ ಕೇಳುತ್ತಿದ್ದರು.

ನನಗೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಯಿತು ರಾಯ್ಸ್. ನಾನು ಎಷ್ಟೋ ಅಧ್ಯಕ್ಷರನ್ನು ನೋಡಿದವಳು. ಹೂವರ್‌ನನ್ನು ಜನ ಉಗಿದು ಉಪ್ಪು ಹಾಕಿದ್ದು ಕಂಡಿದ್ದೇನೆ. ಅವನಿಗೆ ನಾನು ವೋಟು ಹಾಕಿದ್ದು ನಿನ್ನ ತಾತನಿಗೆ ಸಾಯುವವರೆಗೂ ಗೊತ್ತಾಗಲಿಲ್ಲ, ನೀನೂ ಬಾಯಿ ಬಿಡಬೇಡ. ಒಬ್ಬ ಅಧ್ಯಕ್ಷ ಒಳ್ಳೆಯವನೋ ಕೆಟ್ಟವನೋ ಎನ್ನುವುದು ಈತನಕ ನಮಗೆ ಕ್ಷೌರದಂಗಡಿಯ ಹರಟೆಯಾಗಿತ್ತು. ಈಗ ಹಾಗಲ್ಲ. ನಿನ್ನಪ್ಪನಿಗೆ ಹ್ಯಾರಿ ಕೆಟ್ಟವನಾಗಿರಬೇಕು, ಇಲ್ಲದಿದ್ದರೆ ಅವನ ಸಿಟ್ಟಿಗೆ ಹೋಗಲು ಜಾಗವಿಲ್ಲ. ಆದರೆ ಹ್ಯಾರಿ ಕೆಟ್ಟವನಾದರೆ, ಅವನು ಮಾಡಿದ್ದೆಲ್ಲ ತಪ್ಪಾದರೆ, ನೀನು ಆ ಮಣ್ಣಿನ ಗುಂಡಿಯಲ್ಲಿ ಕೂತಿರುವುದು ಯಾವ ಪುರುಷಾರ್ಥಕ್ಕೆ? ಇದು ನನಗೆ ಹೊಳೆದಿತ್ತು. ಆರ್ವಿಲ್‌ಗೆ ಹೊಳೆಯದಿರಲಿ ದೇವರೇ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

ಶನಿವಾರ ಶಾಲೆ ತುಂಬಿತ್ತು. ನಿನ್ನಮ್ಮ ಒಣ ಸೇಬಿನ ಪೈ ಮಾಡಿದ್ದಳು, ಸಕ್ಕರೆ ಹಾಕುವುದನ್ನು ಮರೆತಿದ್ದಳು. ಹರಾಜಿನಲ್ಲಿ ಕೊಂಡ ಪುಣ್ಯಾತ್ಮ ಏನೂ ಹೇಳದೆ ತಿಂದ. ನಡೀನ್ ನೀಲಿ ಅಂಗಿ ಹಾಕಿಕೊಂಡು ಎದ್ದು ನಿಂತಳು, ಮೊದಲು ದನಿಯೇ ಹೊರಡಲಿಲ್ಲ. ಆಮೇಲೆ ಹೊರಟಿತು ನೋಡು. ಯುದ್ಧ ಮುಗಿದ ಮೇಲೆ ಯೂರೋಪಿನ ಹಸಿದವರಿಗೆ ಅನ್ನ ಕೊಟ್ಟದ್ದು ಯಾರು ಎಂದಳು. ಊರೆಲ್ಲ ಹೂವು ಎಸೆಯುತ್ತಿದ್ದ, ಕೊರಿಯಾದಲ್ಲಿ ಅಧ್ಯಕ್ಷನ ಮಾತು ಮೀರಿದ ಜನರಲ್‌ನನ್ನು, ತನಗೇ ಉಗಿಯುತ್ತಾರೆ ಎಂದು ಗೊತ್ತಿದ್ದೂ, ಮನೆಗೆ ಕಳಿಸುವ ಗುಂಡಿಗೆ ಬೇರೆ ಯಾರಿಗಿತ್ತು ಎಂದಳು. ಅದಕ್ಕೆ ಹಿಂದಿನ ಸಾಲಿನಿಂದ ಶಿಳ್ಳೆ ಬಿತ್ತು, ಮೆಚ್ಚಿ ಹೊಡೆದ ಶಿಳ್ಳೆಯಲ್ಲ. ಅವಳು ನಿಲ್ಲಿಸಲಿಲ್ಲ. "ನಮ್ಮಣ್ಣನ ಜೊತೆ ಒಂದೇ ಒಲೆಗೆ ಕೈ ಕಾಯಿಸ್ಕೊಳ್ಳೋನು ಸೇಂಟ್ ಲೂಯಿಸ್‌ನ ಒಬ್ಬ ಕರಿಯ ಹುಡುಗ. ಸೈನ್ಯದಲ್ಲಿ ಬಿಳಿಯ ಕರಿಯ ಅಂತ ಭೇದ ಬೇಡ ಅಂತ ಈ ಅಧ್ಯಕ್ಷ ಹುಕುಂ ಮಾಡೋಕೆ ಮುಂಚೆ ಅವರಿಬ್ಬರನ್ನ ಒಂದು ಒಲೆ ಹತ್ರ ಕೂರಿಸ್ತಿದ್ರಾ? ಇಷ್ಟು ಸಾಕಲ್ವಾ ಐವತ್ತು ವರ್ಷ ನೆನಪಿಟ್ಕೊಳ್ಳೋಕೆ?" ಎಂದಳು. ಕೋಣೆಯಲ್ಲಿ ಸದ್ದಡಗಿತು. ಅದನ್ನು ಒಪ್ಪಿ ಸುಮ್ಮನಾದವರು ಕಡಿಮೆ, ಅದು ನನಗೂ ಗೊತ್ತು. ಆದರೂ ನನ್ನ ಎದೆ ತುಂಬಿ ಬಂತು.

ಎದುರು ಪಕ್ಷಕ್ಕೆ ಎದ್ದವನು ಕ್ಷೌರಿಕ ಡೂಲಿ. ಮಾತಿನ ಮಲ್ಲ, ಕತ್ತರಿ ಕೈಯಲ್ಲಿಲ್ಲದಿದ್ದರೂ ಬೆರಳು ಆಡಿಸುತ್ತಾನೆ. ಐವತ್ತು ವರ್ಷವಾದ ಮೇಲೆ ಹ್ಯಾರಿಯ ಹೆಸರನ್ನು ಅವನ ಊರಿನ ನಾಯಿಯೂ ಮೂಸುವುದಿಲ್ಲ ಎಂದು ಎಲ್ಲರನ್ನೂ ನಗಿಸಿದ. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಆಮೇಲೆ ಮುಖ ಗಂಭೀರ ಮಾಡಿಕೊಂಡು, "ಗೆಲ್ಲೋಕೂ ಬಿಡಲ್ಲ, ವಾಪಸ್ಸೂ ಕರೆಸಲ್ಲ. ಯಾವುದೋ ಹೆಸರಿಲ್ಲದ ಬೆಟ್ಟಕ್ಕೋಸ್ಕರ ನಮ್ಮ ಹುಡುಗರನ್ನ ಸುಮ್ ಸುಮ್ನೆ ಹಾಳು ಮಾಡಿಬಿಟ್ಟ. ಇತಿಹಾಸ ಅಂತ ಒಂದಿದ್ರೆ ಇದನ್ನ ಬರ್ಕೊಳ್ಳಲಿ," ಎಂದ. ಜನ ಬೆಂಚು ಬಡಿದರು. ನಾನು ನಿನ್ನಪ್ಪನ ಕಡೆ ನೋಡಿದೆ. ಅವನು ಆಗಲೇ ಎದ್ದು ನಿಂತಿದ್ದ. ಮುಖ ಸುಣ್ಣವಾಗಿತ್ತು. "ಯಾರೋ ಹಾಳಾಗಿರೋದು? ನನ್ನ ಮಗ ಹಾಳಾಗಿಲ್ಲ ಕಣೋ! ಸುಮ್ ಸುಮ್ನೆ ಹೋಗಿಲ್ಲ ಅವನು! ಇನ್ನೊಂದ್ಸಲ ಅನ್ನು ನೋಡೋಣ!" ಡೂಲಿ ಪಾಪ ಕಕ್ಕಾಬಿಕ್ಕಿಯಾದ. "ಆರ್ವಿಲ್, ಇದು ನಿನ್ನ ಮಾತೇ ಕಣಯ್ಯಾ. ಗುರುವಾರ ನನ್ನ ಕುರ್ಚೀಲಿ ಕೂತು ಗಡ್ಡ ಮಾಡಿಸ್ಕೊಳ್ತಾ ನೀನೇ ಅಂದಿದ್ದಲ್ವಾ?" ಎಂದ.

ಯಾರೂ ನಗಲಿಲ್ಲ ರಾಯ್ಸ್. ಯಾರಾದರೂ ನಕ್ಕಿದ್ದರೆ ಚೆನ್ನಾಗಿತ್ತು. ಆಗ ನಮ್ಮ ಮಿಸ್ ಬ್ಯಾಸ್ಕಮ್ ಗಂಟೆ ಬಾರಿಸಿದಳು. ಪ್ರಳಯವಾದರೂ ಆಕೆಗೆ ನಿಯಮವೇ ದೊಡ್ಡದು. "ಮಿಸ್ಟರ್ ಪ್ರೂಯಿಟ್, ನಿಯಮ ನಿಮಗೆ ಗೊತ್ತಲ್ಲ. ಮಧ್ಯೆ ಬಾಯಿ ಹಾಕಿದೀರಿ. ನಿಮ್ಮ ಮಾತು ಅಧ್ಯಕ್ಷರ ಕಡೆಗೆ ವಾಲಿತು. ದಯವಿಟ್ಟು ಆ ಬೆಂಚಿಗೆ ಹೋಗಿ," ಎಂದಳು. "ಆ ಮನುಷ್ಯನ ಬೆಂಚಿಗೆ ನಾನಾ? ಸತ್ರೂ ಇಲ್ಲ!" ಎಂದ ನಿನ್ನಪ್ಪ. ಎಂದವನು ಅಲ್ಲೇ ನಿಂತಿದ್ದ, ಕೂರಲೂ ಇಲ್ಲ, ಹೊರಗೆ ಹೋಗಲೂ ಇಲ್ಲ. ನಡೀನ್ ತನ್ನ ಬೆಂಚಿನಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಅವನ ಕಡೆ ನೋಡಲಿಲ್ಲ, ಜಾಗ ಮಾತ್ರ ಮಾಡಿದಳು. ಸ್ವಲ್ಪ ಹೊತ್ತಾದ ಮೇಲೆ ಅವನು ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ ಹೋಗಿ ಅವಳ ಪಕ್ಕದಲ್ಲಿ ಕೂತ. ಇಡೀ ಕೌಂಟಿಯಲ್ಲಿ ಹ್ಯಾರಿಯನ್ನು ಇವನಷ್ಟು ಬೈದವರು ಯಾರೂ ಇರಲಿಲ್ಲ.

ಸೋತರು, ಅದನ್ನು ಹೇಳಬೇಕಾಗಿಯೇ ಇಲ್ಲ. ವೋಟಿಗೆಂದು ಜನ ಜಾಡಿಯಲ್ಲಿ ಹಾಕಿದ ಬೀನ್ಸ್ ಕಾಳುಗಳನ್ನು ಎಣಿಸುವ ಕಷ್ಟವನ್ನೇ ಯಾರೂ ತೆಗೆದುಕೊಳ್ಳಲಿಲ್ಲ. ಹ್ಯಾರಿಯ ಕಡೆಯ ಒಂದು ಕಾಳು ನನ್ನದು. ಬುದ್ಧಿ ಒಪ್ಪಿ ಹಾಕಿದೆನೋ ಮೊಮ್ಮಗಳು ಎಂದು ಹಾಕಿದೆನೋ ಕೇಳಬೇಡ. ಅಪ್ಪ ಮಗಳು ಹಿಂದಿನ ಕೋಣೆಯಲ್ಲಿ ತಟ್ಟೆ ತೊಳೆಯಲು ನಿಂತರು. ನಾನು ಕೋಟು ಹುಡುಕುವ ನೆಪದಲ್ಲಿ ಬಾಗಿಲ ಹತ್ತಿರ ನಿಂತೆ. ಈ ವಯಸ್ಸಿನಲ್ಲಿ ಕದ್ದು ಕೇಳುವುದು ತಪ್ಪಲ್ಲ, ಎದುರಿಗೆ ನಿಂತರೆ ಯಾರೂ ಏನೂ ಹೇಳುವುದಿಲ್ಲ. "ನಿಜವಾಗ್ಲೂ ನಂಬ್ಕೊಂಡೇ ಹೇಳಿದ್ಯೇನೇ ಅದನ್ನೆಲ್ಲ?" ಎಂದು ಅವನು ಕೇಳಿದ. ಅವಳು ಇನ್ನೊಂದು ತಟ್ಟೆಯನ್ನು ನೀರಿಗಿಳಿಸಿದಳು. "ಗೊತ್ತಿಲ್ಲಪ್ಪಾ. ಚೀಟಿ ಬಂತು ಅಂತ ಶುರು ಮಾಡಿದೆ. ಆಮೇಲೆ... ಆ ಮನುಷ್ಯ ಮಾಡಿದ್ದು ತಪ್ಪು ಅಂದ್ಬಿಟ್ರೆ, ಅಣ್ಣ ಅಲ್ಲಿ ಯಾಕಿದಾನೆ ಅಂತ ನಂಗೆ ನಾನೇ ಹೇಳ್ಕೊಳ್ಳೋಕೆ ಬೇರೆ ಏನೂ ಸಿಗಲಿಲ್ಲ," ಎಂದಳು. ನಿನ್ನಪ್ಪ ಒಣಗಿದ ತಟ್ಟೆಯನ್ನೇ ಮತ್ತೆ ಒರೆಸಿದ. ಆಮೇಲೆ, "ಹಂಗೇ ನಂಗೂ," ಎಂದ.

ಅವರಿಬ್ಬರಿಗೆ ಮಾತು ಬಂದಿದೆ, ಅಷ್ಟಕ್ಕೆ ನಾನು ದೇವರಿಗೆ ಋಣಿ. ನಿನ್ನೆ ಇಗರ್ಜಿಯಿಂದ ಬಂದ ಮೇಲೆ ಮಧ್ಯಾಹ್ನವೆಲ್ಲ ಹ್ಯಾರಿಯ ಮೇಲೆ ಮತ್ತೆ ಕಿತ್ತಾಡಿದರು. ಆದರೆ ಈ ಸಲ ಉಪ್ಪನ್ನು ನೇರವಾಗಿಯೇ ಕೇಳಿಕೊಂಡರು. ಇತಿಹಾಸ ಏನು ಹೇಳುತ್ತದೋ ನನಗೆ ಗೊತ್ತಿಲ್ಲ ಮಗಾ. ಅದನ್ನು ಬರೆಯುವವರು ಇನ್ನೂ ತೊಟ್ಟಿಲಲ್ಲಿದ್ದಾರೆ, ನಾನಂತೂ ಅಷ್ಟು ದಿನ ಇರುವುದಿಲ್ಲ. ನೀನು ಇರುತ್ತೀಯ. ಆಗ ನಿನಗೆ ನನ್ನಷ್ಟೇ ವಯಸ್ಸಾಗಿರುತ್ತದೆ, ಮಂಡಿಯೂ ನೋಯುತ್ತಿರುತ್ತದೆ, ಯಾವನೋ ಹುಡುಗ ಬಂದು ಆ ಅಧ್ಯಕ್ಷ ಹೇಗಿದ್ದ ತಾತಾ ಎಂದು ಕೇಳುತ್ತಾನೆ. ನೀನು ಏನು ಹೇಳಿದರೂ ಸರಿ. ನೀನು ಕೂತು ಹೇಳಬೇಕು, ಅಷ್ಟೇ ನನ್ನ ಆಸೆ.

ಅಮ್ಮ ಮುತ್ತು ಕಳಿಸಿದ್ದಾಳೆ. ನಡೀನ್ ತನ್ನ ಭಾಷಣವನ್ನು ಬೇರೆಯಾಗಿ ಬರೆದು ಕಳಿಸುತ್ತಾಳಂತೆ, ನಿನ್ನ ಒಲೆಯ ಗೆಳೆಯನಿಗೂ ಓದಿ ಹೇಳು. ದೇವರ ಕೈ ನಿನ್ನ ತಲೆಯ ಮೇಲಿರಲಿ, ನನ್ನದು ಅಷ್ಟು ದೂರಕ್ಕೆ ಎಟುಕುವುದಿಲ್ಲ.

ನಿನ್ನ ಅಜ್ಜಿ,
ಲವೀನಿಯಾ ಪ್ರೂಯಿಟ್

ತಾ.ಕ.: ಇಷ್ಟು ಬರೆದು ಮಡಚುವಷ್ಟರಲ್ಲಿ ರೈಲ್ವೆ ನಿಲ್ದಾಣದ ತಂತಿಯವನಿಂದ ಫೋನ್ ಬಂತು. ನಿನ್ನಪ್ಪನ ಹೆಸರಿಗೆ ತಂತಿ ಬಂದಿದೆಯಂತೆ. ಏನಿದೆ ಓದಪ್ಪಾ ಎಂದರೆ ಫೋನಿನಲ್ಲಿ ಓದುವಂತಿಲ್ಲ, ಆರ್ವಿಲ್‌ನನ್ನೇ ಕಳಿಸಿ ಎಂದ. ಶಾಲೆಗೆ ಹೊರಟಿದ್ದ ನಡೀನ್ ಪುಸ್ತಕ ಕೆಳಗಿಟ್ಟು ಅಪ್ಪನ ಜೊತೆ ಟ್ರಕ್ ಹತ್ತಿದಳು. ಕಾಲಿಗೆ ಪೆಟ್ಟಾಗಿದ್ದರೂ ತಂತಿ ಬರುತ್ತದೆ, ಮನೆಗೆ ಕಳಿಸುತ್ತಿದ್ದರೂ ಬರುತ್ತದೆ, ನಿನ್ನಮ್ಮನಿಗೆ ಅದನ್ನೇ ಹೇಳುತ್ತಿದ್ದೇನೆ. ಟ್ರಕ್ ಹತ್ತುವಾಗ ನಿನ್ನಪ್ಪ ಯಾರನ್ನೂ ಬೈಯಲಿಲ್ಲ ರಾಯ್ಸ್, ನನಗೆ ಅದೇ ಭಯ. ಅಂಚೆಯವನ ಕಾರು ಬೇಲಿಯ ಹತ್ತಿರ ಬಂತು. ಅವರು ವಾಪಸ್ಸು ಬರುವ ಮೊದಲೇ ಇದನ್ನು ಅವನ ಕೈಗೆ ಕೊಡುತ್ತಿದ್ದೇನೆ. ಆ ತಂತಿಯಲ್ಲಿ ಏನೇ ಇರಲಿ, ಈ ಕಾಗದ ಅದಕ್ಕಿಂತ ಮೊದಲು ಹೊರಟಿತು ಎಂದು ನೀನು ತಿಳಿದಿರಬೇಕು.