ತನ್ವಿಯ ಹೆಸರಿನ ಭೂಶಿರ

ತನ್ವಿಯ ಅಪ್ಪನಿಗೆ,

ಮಗಳು ಹುಟ್ಟಿದ ದಿನ ನೀವು ಹಡಗಿನಿಂದ ಮಾಡಿದ ಫೋನ್ ನೆನಪಿದೆಯೇ? ದುಬೈಯ ಆಸ್ಪತ್ರೆಯಲ್ಲಿ ನನ್ನ ಪಕ್ಕ ನರ್ಸ್ ಬಿಟ್ಟರೆ ಯಾರೂ ಇರಲಿಲ್ಲ. ದಕ್ಷಿಣ ಧ್ರುವ ಖಂಡದ ತೀರವನ್ನು ಅಳೆದು ನಕ್ಷೆ ಮಾಡುವ ಕೆಲಸ ನಿಮ್ಮದು. ಅಲ್ಲಿ ಬೇಸಿಗೆ ಬಂತೆಂದರೆ ಇಲ್ಲಿ ನಮಗೆ ನೀವಿಲ್ಲ. "ಬೇಜಾರು ಮಾಡ್ಬೇಡ ಮಾರಾಯ್ತಿ," ಎಂದಿರಿ. "ಇಲ್ಲೊಂದು ಭೂಶಿರ ಸಿಕ್ಕಿದೆ, ಯಾವ ನಕ್ಷೆಯಲ್ಲೂ ಇಲ್ಲ. ಅದಕ್ಕೆ ನಮ್ಮ ತನ್ವಿ ಹೆಸರೇ ಇಡಿಸ್ತೇನೆ." ನಾನು ಅತ್ತುಬಿಟ್ಟೆ. ಸಂತೋಷಕ್ಕೆ ಅಂತ ನೀವು ತಿಳಿದಿರಿ.

ಇಲ್ಲಿ ದುಬೈಯ ಡಿಸ್ಕವರಿ ಗಾರ್ಡನ್ಸಿನ ನಮ್ಮ ಮನೆಯಲ್ಲಿ ಆ ಭೂಶಿರ ನಿಮಗೆ ಎಷ್ಟು ಸಲ ಒದಗಿ ಬಂತು! ಹುಟ್ಟುಹಬ್ಬ ತಪ್ಪಿತೇ, ಭೂಶಿರ. ಶಾಲೆಯ ನಾಟಕ ತಪ್ಪಿತೇ, ಭೂಶಿರ. ಬಂದವರೇ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಫೋಟೋ ತೋರಿಸುತ್ತಿದ್ದಿರಿ: ಕಪ್ಪು ಬಂಡೆ, ಅದರ ನೆತ್ತಿಯಲ್ಲಿ ಹಿಮ. ಅವಳು ಕ್ಲಾಸಿನಲ್ಲೆಲ್ಲ ಹೇಳಿಕೊಂಡು ಬಂದಳು. ನಾನೂ ನಂಬಿದೆ. ಕಾಯುವುದಕ್ಕೆ ಏನಾದರೂ ಒಂದು ಬೇಕಿತ್ತಲ್ಲ...

ನೀವು ಪಾರ್ಕಿಂಗಿನಲ್ಲಿ ಎದೆ ಹಿಡಿದುಕೊಂಡು ಕುಸಿದು ಮತ್ತೆ ಏಳದೇ ಹೋದ ಸಂಜೆಯೂ ಕಾರಿನೊಳಗೆ ಹಡಗಿಗೆ ಒಯ್ಯುವ ಬ್ಯಾಗ್ ಸಿದ್ಧವಾಗಿತ್ತು.

ಮೊನ್ನೆ, ನಿಮ್ಮ ಜೊತೆ ಹಡಗಿನಲ್ಲಿದ್ದ ದಿನೇಶಣ್ಣ ಹೊಸ ನಕ್ಷೆ ಅಚ್ಚಾಯಿತೆಂದು ಜೆಬೆಲ್ ಅಲಿ ಬಂದರಿನ ಆಫೀಸಿನಿಂದ ನೇರ ಮನೆಗೆ ತಂದರು. ತನ್ವಿ ಅದನ್ನು ನೆಲದ ಮೇಲೆ ಹರಡಿ, ಬೆರಳಿಟ್ಟು ಹುಡುಕಿದಳು. ಭೂಶಿರ ಇತ್ತು, ಹೆಸರಿರಲಿಲ್ಲ. ನಾನು ಕೇಳಿದ್ದಕ್ಕೆ ದಿನೇಶಣ್ಣ ಚಹಾದ ಲೋಟ ಕೆಳಗಿಟ್ಟರು. ಹೆಂಡತಿ ಮಕ್ಕಳ ಹೆಸರಿಡುವಂತಿಲ್ಲ ಎಂಬ ನಿಯಮ ಮೊದಲಿನಿಂದಲೂ ಇದೆಯಂತೆ. ಅದು ನಿಮಗೂ ಗೊತ್ತಿತ್ತಂತೆ. ಅವಳ ಹೆಸರನ್ನು ನೀವು ಒಮ್ಮೆಯೂ ಸೂಚಿಸಿರಲೇ ಇಲ್ಲವಂತೆ. ಇಷ್ಟು ವರ್ಷ ಆ ಮಗುವಿನ ಮುಖ ನೋಡಿಕೊಂಡು ಹೇಗೆ ಹೇಳಿದಿರಿ ನೀವು?

ಮಾತು ಅಲ್ಲಿಗೇ ಮುಗಿಯಲಿಲ್ಲ. ಅಲ್ಲಿ ದುಡಿದು ತೀರಿಹೋದವರ ಹೆಸರಿಡಬಹುದಂತೆ. ಹಡಗಿನವರೆಲ್ಲ ಸೇರಿ ಅದೇ ಭೂಶಿರಕ್ಕೆ ನಿಮ್ಮ ಹೆಸರು ಸೂಚಿಸಬೇಕೆಂದಿದ್ದಾರೆ. ನಮ್ಮ ಒಪ್ಪಿಗೆಯೊಂದು ಬೇಕು ಎಂದರು ದಿನೇಶಣ್ಣ. ಬೇಡ ಎಂಬ ಮಾತು ನನ್ನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ತನ್ವಿ ನಕ್ಷೆ ಸುತ್ತಿ ಅವರ ಕೈಗೆ ಕೊಟ್ಟಳು.

"ಓಕೆ ಹೇಳು ಅಮ್ಮ," ಎಂದಳು. "ಅಪ್ಪ ಹೇಗೂ ಅಲ್ಲೇ ಇದ್ದದ್ದಲ್ವಾ."

ಒಪ್ಪಿಗೆ ಕೊಟ್ಟಿದ್ದೇನೆ. ಇನ್ನು ಆ ಕಡೆ ಹೋಗುವ ಹಡಗಿನವರು ನಿಮ್ಮ ಹೆಸರು ಹೇಳುತ್ತಾರೆ. ಈ ಮನೆಯಲ್ಲಿ ಹೇಳುವುದಕ್ಕೆ ನಮಗೆ ಇನ್ನೂ ಸ್ವಲ್ಪ ಕಾಲ ಬೇಕು.

ಸುಜಾತ