ಇಪ್ಪತ್ತೈದು ಸೆಂಟಿಮೀಟರಿನ ಮೊಳ

ಕನಕಪುರ, ಶುಕ್ರವಾರ

ಅನಂತರಾಜು,

ಕ್ಷೇಮ ಕೇಳಿ ಕಾಗದ ಶುರು ಮಾಡುವ ಮನಸ್ಸು ಈ ಸಲ ನನಗಿಲ್ಲ. ಫೋನ್ ಮಾಡಿದರೆ ನಿನ್ನ ದನಿ ಕೇಳಿ ಮೆತ್ತಗಾಗಿಬಿಡುತ್ತೇನೆ. ನಲವತ್ತು ವರ್ಷದ ಅಭ್ಯಾಸ ಅದು. ಅದಕ್ಕೇ ಬರೆದು, ನಾಳೆಯೇ ನಿನ್ನ ಕೈ ಸೇರಲೆಂದು ಮಾಗಡಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ಬುಧವಾರ ಚನ್ನಪಟ್ಟಣದ ಶಾಲೆಯಲ್ಲಿ ನಿನ್ನ ಉಪನ್ಯಾಸ ಏರ್ಪಡಿಸಲು ಮುಖ್ಯೋಪಾಧ್ಯಾಯ ನರೇಂದ್ರನಿಗೆ ಹೇಳಿದವನು ನಾನೇ. ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ನನ್ನ ಜೊತೆ ನೆಲ ಅಳೆದವನು, ಅಳತೆ ಎಂದರೇನು ಎಂದು ಮಕ್ಕಳಿಗೆ ಇವನಿಗಿಂತ ಚೆನ್ನಾಗಿ ಯಾರು ಹೇಳುತ್ತಾರೆ ಎಂದು ಹೊಗಳಿದ್ದೆ. ಮೊದಲ ಸಾಲಿನಲ್ಲಿ ಕೂತು ಕೇಳಿದೆ.

ನಾಲ್ಕು ಮೊಳಕ್ಕೆ ಒಂದು ದಂಡ, ಎರಡು ಸಾವಿರ ದಂಡಕ್ಕೆ ಒಂದು ಕ್ರೋಶ, ನಾಲ್ಕು ಕ್ರೋಶಕ್ಕೆ ಒಂದು ಯೋಜನ ಎಂದು ನೀನು ಪರದೆಯ ಮೇಲೆ ತೋರಿಸಿದೆ. ಭೂಮಿಯ ವ್ಯಾಸ ಸಾವಿರದ ಆರುನೂರು ಯೋಜನ ಎಂದು ಹಿಂದಿನವರು ಬರೆದಿದ್ದಾರೆ, ಯೋಜನಕ್ಕೆ ಎಂಟು ಕಿಲೋಮೀಟರಿನಂತೆ ಗುಣಿಸಿದರೆ ಹನ್ನೆರಡು ಸಾವಿರದ ಎಂಟುನೂರು, ಇಂದಿನ ವಿಜ್ಞಾನ ಹೇಳುವುದೂ ಹೆಚ್ಚುಕಡಿಮೆ ಅಷ್ಟೇ ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮುಂದಿನ ಚಿತ್ರದಲ್ಲಿ ಸೂರ್ಯ ಬಂದ. ಒಂದು ಕೋಟಿ ಇಪ್ಪತ್ತು ಲಕ್ಷ ಯೋಜನ ದೂರ. ಅಲ್ಲಿ ಮಾತ್ರ ಯೋಜನಕ್ಕೆ ಎಂಟು ಮೈಲಿ. ಭೂಮಿಗೆ ಕಿಲೋಮೀಟರು, ಸೂರ್ಯನಿಗೆ ಮೈಲಿ. ಇಂದಿನ ಅಂಕಿಗೆ ಹೊಂದಿಸಲು ನೀನು ಅಳತೆಯನ್ನೇ ಬದಲಿಸಿದ್ದು ನನಗೆ ಅಲ್ಲೇ ಗೊತ್ತಾಯಿತು. ಆದರೂ ಮಕ್ಕಳ ಜೊತೆ ಅದಕ್ಕೂ ಚಪ್ಪಾಳೆ ತಟ್ಟಿದೆ.

ಎದ್ದು ನಿಂತವಳು ಒಂಬತ್ತನೇ ತರಗತಿಯ ನಯನಾ. ಅಕ್ಕೂರಿನವಳು. ಅವಳ ತಾಯಿ ಹನುಮಂತಮ್ಮ ಚನ್ನಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಹೂವು ಮಾರುತ್ತಾಳೆ. ಮೊಣಕೈಯಿಂದ ಬೆರಳ ತುದಿಗೆ ಹೂವಿನ ಸರ ಎಳೆದು ಮೊಳ ಅಳೆದುಕೊಡುವವಳು. ಅವಳ ಕೈ ಉದ್ದ ಎಂದೇ ಹೆಂಗಸರು ಪಕ್ಕದ ಬುಟ್ಟಿಗಳನ್ನು ದಾಟಿ ಅವಳಲ್ಲಿಗೆ ಹೋಗುತ್ತಾರೆ.

"ಸಾರ್, ಯಾರ ಮೊಳ?" ಎಂದು ಆ ಹುಡುಗಿ ಕೇಳಿದಳು. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಅಂಗೈ ಮೇಲೆ ಪೆನ್ನಿನಲ್ಲಿ ಲೆಕ್ಕ ಹಾಕಿಕೊಂಡಿದ್ದಳು. "ನೀವೇಳಿದ ಲೆಕ್ಕದಲ್ಲಿ ಒಂದು ಯೋಜನಕ್ಕೆ ಮೂವತ್ತೆರಡು ಸಾವಿರ ಮೊಳ ಸಾರ್. ಎಂಟು ಕಿಲೋಮೀಟರನ್ನ ಅದ್ರಲ್ಲಿ ಭಾಗಿಸಿದ್ರೆ ಒಂದು ಮೊಳ ಇಪ್ಪತ್ತೈದು ಸೆಂಟಿಮೀಟರ್ ಆಯ್ತದೆ. ಅದು ಒಂದು ಗೇಣು. ಗೇಣುದ್ದ ಹೂವ ಮೊಳ ಅಂತ ಕೊಟ್ರೆ ನಮ್ಮವ್ವನ್ನ ಬಸ್‌ಸ್ಟ್ಯಾಂಡಲ್ಲಿ ಸುಮ್ನೆ ಬುಡ್ತಾರಾ ಸಾರ್?"

ಅನಂತರಾಜು, ಅಂಥ ಪ್ರಶ್ನೆಯನ್ನು ನಮ್ಮ ಇಲಾಖೆಯಲ್ಲಿ ಒಬ್ಬ ಅಧಿಕಾರಿಯೂ ಕೇಳಿದ್ದನ್ನು ನಾನು ಕಾಣೆ. ಅದಕ್ಕೆ ನೀನು ಕೊಟ್ಟ ಉತ್ತರ ಏನು? "ಹೂವು ಮಾರೋರ ಮಗಳು ಹೂವಿನ ಲೆಕ್ಕ ನೋಡ್ಕೊಳಮ್ಮ, ಭೂಮಿ ಲೆಕ್ಕ ಋಷಿಗಳಿಗೆ ಬಿಡು." ಮತ್ತೆ ಚಪ್ಪಾಳೆ. ಆ ಹುಡುಗಿ ಅಂಗೈ ಮುಚ್ಚಿಕೊಂಡು ಕೂತಳು.

ಋಷಿಗಳ ಹೆಸರು ಹೇಳಲು ನಿನಗೆ ನಾಚಿಕೆಯಾಗಲಿಲ್ಲವೇ? ನೆಟ್ಟ ಕೋಲಿನ ನೆರಳು ನೋಡಿ, ಗ್ರಹಣ ಕಾದು, ಭೂಮಿ ಇಷ್ಟು ದಪ್ಪ ಇರಬಹುದು ಎಂದು ಲೆಕ್ಕ ಕಟ್ಟಿದವರು ಅವರು. ಅವರ ಅಂಕಿ ತಪ್ಪಿದ್ದರೂ ನನಗೆ ಗೌರವವಿದೆ. ಯೋಜನ ಎಷ್ಟುದ್ದ ಎಂಬುದರಲ್ಲಿ ಓದಿದವರಿಗೇ ಒಮ್ಮತವಿಲ್ಲ. ಐದು ಮೈಲಿ ಎಂದವರಿದ್ದಾರೆ, ಒಂಬತ್ತು ಎಂದವರೂ ಇದ್ದಾರೆ. ಅದನ್ನೇ ಮಕ್ಕಳ ಮುಂದೆ ಹೇಳಿದ್ದರೆ ಎಷ್ಟು ಒಳ್ಳೆಯ ಪಾಠವಾಗುತ್ತಿತ್ತು. ನೀನು ಉತ್ತರವನ್ನು ಮೊದಲು ಜೇಬಿನಲ್ಲಿಟ್ಟುಕೊಂಡು, ಅದಕ್ಕೆ ಹೊಂದುವಂತೆ ಅಳತೆಕೋಲನ್ನು ಕತ್ತರಿಸಿದೆ. ಅವರ ಶ್ರಮಕ್ಕೂ ಅವಮಾನ ಮಾಡಿದೆ.

ಉಯ್ಯಂಬಳ್ಳಿ ಕಡೆ ಮಾಯಮ್ಮ ಅನ್ನುವ ಮುದುಕಿಯ ಹೊಲ ಅಳೆದದ್ದು ನಿನಗೆ ಮರೆತಿರಬಹುದು, ನನಗೆ ಮರೆತಿಲ್ಲ. ಸಂಜೆ ಅಳತೆಯ ಸರಪಳಿ ಸುತ್ತುವಾಗ ನೀನು ಅನುಮಾನ ಬಂದು ಅಳತೆಪಟ್ಟಿ ಹಿಡಿದು ನೋಡಿದೆ. ಎಳೆದೂ ಎಳೆದೂ ಅದು ಎರಡು ಇಂಚು ಉದ್ದವಾಗಿತ್ತು. ಅಂದರೆ ಕಾಗದದಲ್ಲಿ ಅವಳ ಹೊಲ ಕಡಿಮೆ ಬಂದಿತ್ತು. ನಾನು, "ಬುಡ್ಲಾ, ಎರಡು ಇಂಚು ತಾನೆ, ಬಸ್ಸು ಹೊಂಟೋಯ್ತದೆ" ಅಂದೆ. "ಎರಡು ಇಂಚು ನಿಂದಲ್ಲ ಕಣ್ಲಾ, ಆ ಅಜ್ಜೀದು" ಅಂದೆ ನೀನು. ಬಸ್ಸು ಹೋಯಿತು. ಮಾರನೆಯ ದಿನ ಬೇರೆ ಸರಪಳಿ ತಂದು ಇಡೀ ಹೊಲ ಮತ್ತೆ ಅಳೆದೆವು. ನಾನು ನಿನ್ನನ್ನು ಸ್ನೇಹಿತ ಎಂದು ಒಪ್ಪಿಕೊಂಡಿದ್ದು ಆ ದಿನ. ಬುಧವಾರ ಹಾರ ಹಾಕಿಸಿಕೊಂಡವನು ಯಾರು?

ನೀನು ಮಾಗಡಿಗೆ ಹೊರಟುಹೋದೆ. ಆಮೇಲಿನದು ಕೇಳು. ನಿನ್ನೆ ಶಾಲೆಗೆ ಹೋಗಿದ್ದೆ. ರಾಮನಗರದಲ್ಲಿ ನಡೆಯುವ ವಿಜ್ಞಾನ ಸ್ಪರ್ಧೆಗೆ ಆರಿಸಿದ್ದ ಮಕ್ಕಳ ಪಟ್ಟಿಯಿಂದ ನಯನಾಳ ಹೆಸರು ಹೊಡೆದುಹಾಕಿದ್ದಾರೆ. ಅತಿಥಿಗಳಿಗೆ ಎದುರು ಮಾತಾಡಿದ್ದು ಅವಳ ತಪ್ಪಂತೆ. ಯಾಕಪ್ಪಾ ಎಂದರೆ ನರೇಂದ್ರ, "ನೀವು ಕರ್ಕೊಂಡು ಬಂದ ಅತಿಥೀನೇ ಸಾರ್. ಇಂಥ ಹುಡುಗೀನ ಎಲ್ಲಿಗೂ ಕಳಿಸಬೇಡಿ ಅಂತ ಅವರೇ ಹೇಳೋದ್ರು" ಎಂದ.

ಹನುಮಂತಮ್ಮ ಬಾಗಿಲಲ್ಲಿ ನಿಂತಿದ್ದಳು. ವ್ಯಾಪಾರದ ಹೊತ್ತಿನಲ್ಲಿ ಬುಟ್ಟಿ ಬಿಟ್ಟು ಬಂದಿದ್ದಳು. "ತಪ್ಪಾಯ್ತು ಸಾಮಿ, ಇನ್ಮೇಕೆ ನನ್ ಮಗಳು ಏನೂ ಕೇಳಲ್ಲ" ಎಂದು ಕೈ ಮುಗಿದಳು. ಪಕ್ಕದಲ್ಲಿ ಹುಡುಗಿ ನೆಲ ನೋಡುತ್ತಿದ್ದಳು. ಅವಳು ಮುಂದೆ ನಿಜವಾಗಿಯೂ ಏನೂ ಕೇಳದೆ ಹೋದರೆ ಅದಕ್ಕೆ ನಾವಿಬ್ಬರೂ ಹೊಣೆ. ಸುಳ್ಳು ಹೇಳಿದವನು ನೀನು, ಗೊತ್ತಿದ್ದೂ ಚಪ್ಪಾಳೆ ತಟ್ಟಿದವನು ನಾನು.

ಪಟ್ಟಿ ಸೋಮವಾರ ಮಧ್ಯಾಹ್ನ ರಾಮನಗರಕ್ಕೆ ಹೋಗುತ್ತದೆ. ಅವತ್ತು ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ನಾನು ಶಾಲೆಯಲ್ಲಿರುತ್ತೇನೆ. ನರೇಂದ್ರ ಮೈಕ್ ಕೊಟ್ಟರೆ ಮೈಕಿನಲ್ಲಿ, ಕೊಡದಿದ್ದರೆ ಬರೀ ಗಂಟಲಿನಲ್ಲಿ, ಅವಳ ಲೆಕ್ಕ ಸರಿ, ಅತಿಥಿಯ ಲೆಕ್ಕ ತಪ್ಪು ಎಂದು ಅಷ್ಟೂ ಮಕ್ಕಳ ಮುಂದೆ ಹೇಳುತ್ತೇನೆ. ನೀನು ಬಂದರೆ ಮೊದಲ ಮಾತು ನಿನಗೇ ಬಿಟ್ಟುಕೊಡುತ್ತೇನೆ. ಆ ಮಗುವಿನ ಕ್ಷಮೆ ಕೇಳು, ಹೆಸರು ಮತ್ತೆ ಬರೆಸು. ಬರದಿದ್ದರೆ ನಿನ್ನ ಪಾಲಿನದನ್ನೂ ನಾನೇ ಹೇಳುತ್ತೇನೆ, ಹೆಸರು ಹಿಡಿದು ಹೇಳುತ್ತೇನೆ. ಆಮೇಲೆ ನೀನು ನನ್ನ ಮನೆಗೆ ಬರುವುದು ಬೇಡ.

ಸೋಮವಾರ ಮಾಗಡಿಯಿಂದ ಹೊರಡುವ ಮೊದಲ ಬಸ್ಸು ಹತ್ತುವಷ್ಟು ಮನಸ್ಸನ್ನು ದೇವರು ನಿನಗೆ ಕೊಡಲಿ ಎಂದು, ಇಷ್ಟು ಸಿಟ್ಟಿನಲ್ಲೂ ಹಾರೈಸುವ

ಬೋರಲಿಂಗಯ್ಯ